ಹಬ್ಬ ಮನೆಯಲ್ಲಿರಲಿ ಎನ್ನುವವರಿಗೆ

ಹಬ್ಬ ಮನೆಯಲ್ಲಿರಲಿ, ಶಾಲೆಯಲ್ಲಿ ಪಾಠವಿರಲಿ ಎಂಬ ಮಾತನ್ನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಕೇಳಲು ಇದು ಬಹಳ ವಿಚಾರವಂತರ ಮಾತಿನಂತಿದೆ. ಈಚೆಗೆ ಮುಂಬಯಿಯ ಅಧ್ಯಾಪಕರ ಸಭೆಯೊಂದರಲ್ಲಿ ಇಲ್ಲಿಯ ಯಹೂದಿ ಶಾಲೆಗಳ ಪ್ರಸ್ತಾಪ ಬಂದಾಗ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಇದನ್ನೇ ಇನ್ನಷ್ಟು ನಯವಾಗಿ ಹೇಳಿದರು. "ಯಹೂದಿ ಮಕ್ಕಳೇ ಇಲ್ಲದ ಮೇಲೆ ಯಹೂದಿ ಹಬ್ಬದ ತಯಾರಿ ಯಾರಿಗೆ? ರಜೆ ಕೊಟ್ಟರಾಯಿತು, ಹೆಸರೂ ಉಳಿಯಿತು." ಸಭೆ ತಲೆದೂಗಿತು. ತಲೆದೂಗಿದವರಲ್ಲಿ ಹೆಚ್ಚಿನವರು ಗಂಡಸರು. ಹಬ್ಬ ಮನೆಯಲ್ಲಿರಲಿ ಎನ್ನುವವರಲ್ಲಿ ಒಂದು ಕಾಯಿ ತುರಿದವರನ್ನು ನಾನಿನ್ನೂ ಕಂಡಿಲ್ಲ. ಅವರ ಮಾತಿನ ಅರ್ಥ ಇಷ್ಟೇ: ಹಬ್ಬ ಹೆಂಗಸರ ತಲೆಯ ಮೇಲಿರಲಿ.

ಈ ಶಾಲೆಗಳು ಯಾರವು ಎಂಬುದು ಊರಿನ ಕಡೆಯ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಕೊಂಕಣದ ಕರಾವಳಿಯಲ್ಲಿ, ಅಲಿಬಾಗಿನ ಸುತ್ತಿನ ಹಳ್ಳಿಗಳಲ್ಲಿ ಬೆನೆ ಇಸ್ರೇಲಿಗಳೆಂಬ ಯಹೂದಿಗಳು ಶತಮಾನಗಳ ಕಾಲ ಇದ್ದರು. ಹಡಗೊಡೆದು ನವಗಾಂವ್ ದಡಕ್ಕೆ ಬಂದು ಬಿದ್ದ ಏಳು ಗಂಡಸರು, ಏಳು ಹೆಂಗಸರ ಸಂತಾನ ತಾವೆಂದು ಅವರ ಐತಿಹ್ಯ. ಅವರದು ಗಾಣದ ಕಸುಬು, ಮನೆಮಾತು ಮರಾಠಿ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿ ಎಂದು ಕರೆದರು. ಗ್ರಂಥವಿಲ್ಲ, ಗುರುವಿಲ್ಲ, ಹೀಬ್ರೂ ಮರೆತೇಹೋಗಿತ್ತು. ಆದರೂ ಅವರು ಯಹೂದಿಗಳಾಗಿಯೇ ಉಳಿದರು. ಹೇಗೆ ಎಂಬುದಕ್ಕೆ ಅವರ ಹಬ್ಬಗಳ ಮರಾಠಿ ಹೆಸರುಗಳನ್ನು ಕೇಳಿದರೆ ಸಾಕು. ಖಿರೀಚಾ ಸಣ ಎಂದರೆ ಪಾಯಸದ ಹಬ್ಬ. ಪ್ರಾಯಶ್ಚಿತ್ತದ ಉಪವಾಸದ ದಿನ, ಯೋಮ್ ಕಿಪ್ಪುರ್, ಅವರಿಗೆ ದಾರ್‌ಫಾಳ್ಣೀಚಾ ಸಣ, ಬಾಗಿಲು ಮುಚ್ಚುವ ಹಬ್ಬ. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ದಿನ ಬಿರ್ಡ್ಯಾಚಾ ಸಣ. ಬಿರ್ಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ಸುಲಿದ ವಾಲ್ ಕಾಳಿನ ಪಲ್ಯ, ನಮ್ಮ ಹಿತಕಬೇಳೆಯ ಸೋದರಿ. ಹುಳಿ ಹಿಟ್ಟು ಮುಟ್ಟದ ಪೆಸಾಹ್ ಹಬ್ಬ ಅವರ ಬಾಯಲ್ಲಿ ಹುಳಿನೀರಿನ ಜಾಡಿ ಮುಚ್ಚಿಡುವ ಹಬ್ಬವಾಯಿತು. ಯಾವ ದೇವಾಲಯ, ಯಾವ ಫೇರೋ, ಯಾವ ಸಮುದ್ರ ಸೀಳಿತು ಎಂಬುದೆಲ್ಲ ಮಸುಕಾಗಿದ್ದಾಗಲೂ ಯಾವ ತಿಂಗಳಲ್ಲಿ ಯಾವ ಜಾಡಿ ಮುಚ್ಚಬೇಕು ಎಂಬುದು ಮಸುಕಾಗಲಿಲ್ಲ. ಕಥೆ ಹೋದರೂ ತಯಾರಿ ಉಳಿಯಿತು. ತಯಾರಿ ಉಳಿದದ್ದರಿಂದಲೇ ಮುಂದೆ ಕಥೆಗೆ ಮರಳಿ ಬರಲು ಒಂದು ಮನೆ ಇತ್ತು.

ಇನ್ನೊಂದು ಐತಿಹ್ಯವನ್ನು ಹೇಳದೆ ಇರಲಾರೆ. ದಾವೀದ ರಾಹಬಿ ಎಂಬ ಯಹೂದಿ ಪಂಡಿತ ಕೊಂಕಣಕ್ಕೆ ಬಂದು ಇವರು ತನ್ನವರೇ ಎಂಬ ಅನುಮಾನ ಬಂದು ಪರೀಕ್ಷೆ ಮಾಡಿದನಂತೆ. ಬಗೆಬಗೆಯ ಮೀನುಗಳನ್ನು ಕೊಟ್ಟು ಅಡಿಗೆ ಮಾಡಿ ಎಂದ. ಹೆಂಗಸರು ರೆಕ್ಕೆ, ಪೊರೆ ಇರುವ ಮೀನುಗಳನ್ನು ಇಟ್ಟುಕೊಂಡು ಉಳಿದವನ್ನು ಬದಿಗೆ ಸರಿಸಿದರು. ಯಹೂದಿ ಧರ್ಮಶಾಸ್ತ್ರ ಹೇಳುವುದೂ ಅದನ್ನೇ. ರಾಹಬಿಗೆ ನಿಶ್ಚಯವಾಯಿತು. ಆಮೇಲೆ ಅವನು ಮೂವರು ತರುಣರನ್ನು ಆರಿಸಿ ಧರ್ಮ ಕಲಿಸಿದ, ಅವರ ಮನೆತನಗಳವರು ಕಾಜಿಗಳಾದರು. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಹೆಂಗಸರು, ಪದವಿ ಸಿಕ್ಕಿದ್ದು ಗಂಡಸರಿಗೆ. ಇದನ್ನು ನಮ್ಮ ಶಿಕ್ಷಣದ ಇತಿಹಾಸದ ಮೊದಲ ಪುಟದಲ್ಲಿ ಅಚ್ಚು ಹಾಕಿಸಬೇಕು.

ಮುಂದೆ ಮುಂಬಯಿಯಲ್ಲಿ ಶಾಲೆಗಳಾದವು. 1875ರಲ್ಲಿ ಹಾಯೀಮ್ ಸ್ಯಾಮ್ಯುಯೆಲ್ ಕೇಹಿಂಕರರು ಇಸ್ರೇಲೈಟ್ ಶಾಲೆ ತೆರೆದರು. ತಮ್ಮ ಜನರ ಇತಿಹಾಸವನ್ನು ಬರೆದು, ಆ ಹಬ್ಬಗಳ ಹೆಸರುಗಳನ್ನೆಲ್ಲ ದಾಖಲಿಸಿದವರೂ ಇವರೇ. 1897ರಲ್ಲಿ ಬರೆದ ಆ ಪುಸ್ತಕ ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ, 1937ರಲ್ಲಿ, ಟೆಲ್ ಅವೀವಿನಲ್ಲಿ ಅಚ್ಚಾಯಿತು. ಶಾಲೆ ಮುಂದೆ ಮಝಗಾಂವಿನ ಸರ್ ಎಲ್ಲಿ ಕಡೂರಿ ಶಾಲೆಯಾಯಿತು. (ನಮ್ಮ ಕಡೂರಿಗೂ ಇದಕ್ಕೂ ಸಂಬಂಧವಿಲ್ಲ. ಬಾಗ್ದಾದಿನಲ್ಲಿ ಹುಟ್ಟಿ ಹಾಂಕಾಂಗ್, ಶಾಂಘೈಗಳಲ್ಲಿ ವ್ಯಾಪಾರ ಮಾಡಿದ ದಾನಿಯ ಹೆಸರು ಅದು.) 1922ರಿಂದ ಸುಮಾರು ಮೂರು ದಶಕ ಅದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು ರೆಬೆಕಾ ರೂಬೆನ್ ಎಂಬ ವಿದುಷಿ. ಮನೆಯಲ್ಲಿ ಉಳಿದಿದ್ದ ತಯಾರಿಗೂ ಮನೆಯಲ್ಲಿ ಮರೆತುಹೋಗಿದ್ದ ಹೀಬ್ರೂವಿಗೂ ಗಂಟು ಹಾಕುವುದು ಇಂಥ ಶಾಲೆಗಳ ಕೆಲಸವಾಗಿತ್ತು. ಹಬ್ಬ ಮನೆಯಲ್ಲೇ ಇರಲಿ ಎಂದು ಕೇಹಿಂಕರರು ಸುಮ್ಮನಿದ್ದಿದ್ದರೆ ಆ ಗಂಟು ಬೀಳುತ್ತಲೇ ಇರಲಿಲ್ಲ.

ಗಂಟು ಹೇಗೆ ಬೀಳುತ್ತದೆ ಎಂಬುದನ್ನು ನನಗೆ ತಿಳಿಸಿದವರು ನಮ್ಮ ಕಟ್ಟಡದ ಮೂರನೆಯ ಮಹಡಿಯ ಬಾಯಿ. ಯಹೂದಿ ಶಾಲೆಯಲ್ಲಿ ಕಲಿತು, ಯಹೂದಿ ಶಾಲೆಯಲ್ಲೇ ಕಲಿಸಿ ನಿವೃತ್ತರಾದವರು. ಮಕ್ಕಳು ಅಶ್ದೋದಿನಲ್ಲಿದ್ದಾರೆ, ತಾವು ಮಾತ್ರ ಮುಂಬಯಿ ಬಿಡಲಿಲ್ಲ. ಅವರು ಕಲಿಸುತ್ತಿದ್ದ 1970ರ ದಶಕದಲ್ಲೇ ತರಗತಿಯಲ್ಲಿ ಯಹೂದಿ ಮಕ್ಕಳು ಬೆರಳೆಣಿಕೆಯಷ್ಟಂತೆ. ಆದರೂ ಗುರುವಾರ ಮಧ್ಯಾಹ್ನ ಕಪ್ಪು ಒಣದ್ರಾಕ್ಷಿ ನೀರಿಗೆ ಬೀಳಲೇಬೇಕು. ಶುಕ್ರವಾರ ಅದನ್ನು ಕುದಿಸಿ, ಕಿವುಚಿ, ಸೋಸಿ, ಶಾಲೆ ಬಿಡುವ ಹೊತ್ತಿಗೆ ಎಲ್ಲರಿಗೂ ಒಂದೊಂದು ಗುಟುಕು. ಸಬ್ಬತ್ತಿನ ಮದ್ಯದ ಬದಲು ಬೆನೆ ಇಸ್ರೇಲಿಗಳು ಬಳಸುವ ಶರಬತ್ತು ಅದು. ಯಹೂದಿ ಮಕ್ಕಳು ಮಂತ್ರ ಹೇಳುವವರೆಗೆ ಉಳಿದವರು ಲೋಟ ಹಿಡಿದು ಸುಮ್ಮನೆ ನಿಲ್ಲಬೇಕು. "ನಿಲ್ಲುವುದನ್ನು ಕಲಿಸಿದ್ದೇ ದೊಡ್ಡದು, ಬಾಯಿ ತೆರೆಯಲು ಯಾರಿಗೂ ಹೇಳಲಿಲ್ಲ" ಎನ್ನುತ್ತಾರೆ ಬಾಯಿ.

ಹೊಸ ವರ್ಷದ ಮುಂಚೆ ಗೋಧಿ ನೆನೆಯುವುದು. ಅದನ್ನು ರುಬ್ಬಿ ಹಾಲು ತೆಗೆದು, ತೆಂಗಿನ ಹಾಲು ಸೇರಿಸಿ, ಚಿಕ್ಕಾಚಾ ಹಲ್ವ. ನಮ್ಮ ಕಡೆ ಗೋಧಿ ಹಾಲುಬಾಯಿ ಮಾಡಿದವರಿಗೆ ಗೊತ್ತು, ಕೈಬಿಡದೆ ಮಗುಚುತ್ತಲೇ ಇರಬೇಕು, ರಟ್ಟೆ ಬಿದ್ದುಹೋಗುತ್ತದೆ. ಮಗುಚುವ ಸರದಿಯನ್ನು ಬಾಯಿ ಎತ್ತರದ ಹುಡುಗರಿಗೆ ಹಾಕುತ್ತಿದ್ದರಂತೆ. ಪಾಳಿಗೆ ಐದೈದು ನಿಮಿಷ. ಚಪ್ಪರದ ಹಬ್ಬ ಸುಕ್ಕೋತ್ ಬಂದರೆ ಅಂಗಳದಲ್ಲಿ ಚಪ್ಪರ. ಮಾಡಿಗೆ ನೆಲದಲ್ಲಿ ಬೆಳೆದ ಸೊಪ್ಪು ಗರಿಯೇ ಆಗಬೇಕು, ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ರಾತ್ರಿ ನಕ್ಷತ್ರ ಕಾಣಬೇಕು. ಮಡಲು ಹೆಣೆಯಲು ಬರುತ್ತಿದ್ದುದು ತರಗತಿಯಲ್ಲಿ ಒಬ್ಬನಿಗೆ, ಅವನು ರತ್ನಾಗಿರಿ ಕಡೆಯ ಮುಸ್ಲಿಮ್ ಹುಡುಗ. ಉಳಿದವರೆಲ್ಲ ಆ ಒಂದು ವಾರ ಅವನ ಶಿಷ್ಯರು. ಗಣಿತದಲ್ಲಿ ಸದಾ ಸೊನ್ನೆ ತೆಗೆಯುವವನಿಗೆ ಇದು ಸಾಮಾನ್ಯ ಸಂಗತಿಯೇ?

ಪೆಸಾಹ್ ಬರುವುದು ಪರೀಕ್ಷೆಯ ದಿನಗಳಲ್ಲಿ. ಆದರೂ ಒಂದು ಮಧ್ಯಾಹ್ನ ಬೆಂಚುಗಳೆಲ್ಲ ಬೋರಲು. ಯಾವ ಸಂದಿಯಲ್ಲೂ ರೊಟ್ಟಿಯ ಚೂರು, ಬಿಸ್ಕತ್ತಿನ ಪುಡಿ ಇರಕೂಡದು. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಯುರೋಪಿನ ಯಹೂದಿಗಳಲ್ಲಿ ಪೆಸಾಹ್ ಕಾಲಕ್ಕೆ ಅಕ್ಕಿ ಬಿಡುವ ಸಂಪ್ರದಾಯವಿದೆ. ಕೊಂಕಣದವರು ಅಕ್ಕಿ ಬಿಟ್ಟು ಎಲ್ಲಿ ಹೋದಾರು? ಅವರು ಅಕ್ಕಿ ಭಾಕ್ರಿ ತಿಂದರು, ಖರ್ಜೂರದ ಶಿರಾ ಮಾಡಿದರು. ಒಂದೇ ಧರ್ಮ, ಒಂದೇ ಹಬ್ಬ, ಎರಡು ಅಡಿಗೆಮನೆ. ಇದನ್ನು ಯಾವ ಪಠ್ಯಪುಸ್ತಕದಿಂದ ಕಲಿಸುತ್ತೀರಿ?

ಪಾಠದ ಸಮಯ ಹಾಳು ಎನ್ನುವವರಿಗೆ ಪಂಚಾಂಗವನ್ನು ತೋರಿಸುತ್ತೇನೆ. ಯಹೂದಿಗಳದು ಚಾಂದ್ರಮಾಸ. ಪೆಸಾಹ್ ಮಾತ್ರ ವಸಂತದಲ್ಲೇ ಬರಬೇಕು. ಅದಕ್ಕಾಗಿ 19 ವರ್ಷಗಳಲ್ಲಿ 7 ಸಲ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ನಮ್ಮ ಅಧಿಕಮಾಸದ ಉದ್ದೇಶವೂ ಇದೇ, ಲೆಕ್ಕ ಹಾಕುವ ರೀತಿ ಬೇರೆ. ಪುರೀಮ್ ಹುಣ್ಣಿಮೆ ಹೋಳಿಯ ಆಸುಪಾಸಿನಲ್ಲೇ ಬೀಳುವುದರಿಂದ ಬೆನೆ ಇಸ್ರೇಲಿಗಳು ಅದನ್ನು ಹೋಳೀಚಾ ಸಣ ಎಂದೇ ಕರೆದರು. ಹಿಜರಿಯಲ್ಲಿ ಅಧಿಕಮಾಸವಿಲ್ಲ, ಆದ್ದರಿಂದ ರಂಜಾನ್ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮೂರು ಕ್ಯಾಲೆಂಡರ್ ಪಕ್ಕಪಕ್ಕ ತೂಗುಹಾಕಿ ಒಂದು ಪೀರಿಯಡ್ ಕೊಡಿ, ಲಘುತಮ ಸಾಮಾನ್ಯ ಗುಣಕ ಎಂಬ ಭೂತ ತಾನಾಗಿ ಇಳಿಯುತ್ತದೆ. ಸಮಯ ಹಾಳಾಗುವುದು ಎಲ್ಲಿ ಎಂದು ನನಗೆ ಗೊತ್ತು. ವಾರ್ಷಿಕೋತ್ಸವದ ಕುಣಿತಕ್ಕೆ ಮೂರು ವಾರ, ಮುಖ್ಯ ಅತಿಥಿಗಳು ತಡವಾಗಿ ಬಂದದ್ದಕ್ಕೆ ಎರಡು ಗಂಟೆ. ಅದನ್ನು ಯಾರೂ ಲೆಕ್ಕ ಕೇಳುವುದಿಲ್ಲ. ದ್ರಾಕ್ಷಿ ನೆನೆಹಾಕುವ ಹತ್ತು ನಿಮಿಷದ ಲೆಕ್ಕ ಕೇಳುತ್ತಾರೆ.

ಪ್ರದರ್ಶನದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಐಕ್ಯತೆಯ ದಿನವೆಂದು ಮಕ್ಕಳಿಗೆ ವೇಷ ಹಾಕಿಸಿದರು. ಒಬ್ಬನಿಗೆ ರಟ್ಟಿನ ಆರು ಮೂಲೆಯ ನಕ್ಷತ್ರ, ಹತ್ತಿಯ ಉದ್ದ ಗಡ್ಡ. ಅವನು ಯಹೂದಿಯಂತೆ. ಅಂಥ ಗಡ್ಡದ ಒಬ್ಬ ಬೆನೆ ಇಸ್ರೇಲಿಯನ್ನು ಅವರು ಕಂಡಿದ್ದರೋ ಇಲ್ಲವೋ! ಬಾಯಿಯಂತೆ ಸೀರೆಯುಟ್ಟು, ಮಲೀದಾಕ್ಕೆ ಅವಲಕ್ಕಿ, ಕಾಯಿತುರಿ, ಬೆಲ್ಲ ಕಲಸಿ, ಹಣ್ಣು ಜೋಡಿಸಿ, ಎಲೀಯಾಹು ಪ್ರವಾದಿಯನ್ನು ನೆನೆಯುವ ಹೆಂಗಸು ಅವರ ಕಣ್ಣಿಗೆ ಯಹೂದಿಯಾಗಿ ಕಾಣಲಿಲ್ಲ. ವೇಷ ಐದು ನಿಮಿಷದ್ದು, ಚಪ್ಪಾಳೆಯೊಂದಿಗೆ ಕಳಚಿ ಬಿತ್ತು. ತಯಾರಿಯಿಂದ ಕೈಗೆ ಹತ್ತುವ ಬೆಲ್ಲ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಯಹೂದಿ ಮಕ್ಕಳೇ ಇಲ್ಲವಲ್ಲ! ನಿಜ. 1951ರಲ್ಲಿ ಭಾರತದಲ್ಲಿ 26 ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು, ಈಗ 5 ಸಾವಿರದ ಆಸುಪಾಸು. ಹೋದವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಅಲ್ಲಿ ಇವರ ಯಹೂದಿತನವನ್ನೇ ಪ್ರಶ್ನಿಸಿ, ಮದುವೆಗೆ ಅಡ್ಡಿ ಮಾಡಿ, ಕೊನೆಗೆ 1964ರಲ್ಲಿ ಅಲ್ಲಿಯ ಸಂಸತ್ತೇ ಇವರು ಪೂರ್ಣ ಯಹೂದಿಗಳೆಂದು ಹೇಳಬೇಕಾಯಿತು. ಮಹಾರಾಷ್ಟ್ರ ಸರಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಕೊಡುವ ಹೊತ್ತಿಗೆ ತೆಗೆದುಕೊಳ್ಳುವವರೇ ಕಡಿಮೆಯಾಗಿದ್ದರು. ಹೀಗಿರುವಾಗ ಆ ಶಾಲೆಗಳ ಬೆಂಚುಗಳಲ್ಲಿ ಇಂದು ಕುಳಿತಿರುವವರು ಬಹುಪಾಲು ಮುಸ್ಲಿಮ್ ಮಕ್ಕಳು, ಹಿಂದೂ ಮಕ್ಕಳು. ಆದ್ದರಿಂದಲೇ ತಯಾರಿ ಬೇಕು ಎನ್ನುತ್ತೇನೆ. ಮನೆಯಲ್ಲಿ ಬಿರ್ಡೆ ಆಗುವ ಮಗುವಿಗೆ ಶಾಲೆಯಲ್ಲಿ ಅದು ಇಲ್ಲದಿದ್ದರೂ ನಡೆದೀತು. ಮನೆಯಲ್ಲಿ ಇಲ್ಲದ ಮಗುವಿಗೆ ಬೇರೆ ಎಲ್ಲಿ ಸಿಕ್ಕೀತು? ರಜೆಯಿಂದ ಅವನಿಗೆ ಸಿಗುವುದು ಒಂದು ದಿನದ ಕ್ರಿಕೆಟ್. ಯಾವ ಹಬ್ಬಕ್ಕೆ ರಜೆ ಎಂದು ಕೇಳಿದರೆ "ಸ್ಕೂಲ್‌ವಾಲೋಂಕಾ ಕುಛ್ ಹೈ" ಎನ್ನುತ್ತಾನೆ. ಕೇಳಿ ನೋಡಿ.

ಪರರ ಹಬ್ಬವನ್ನು ಪರರ ಕೈ ಮಾಡಬಹುದೇ ಎಂದು ಮಡಿವಂತರು ಎರಡೂ ಕಡೆ ಇದ್ದಾರೆ. ಅವರು ಕೊಲ್ಕತ್ತಕ್ಕೆ ಹೋಗಿ ಬರಲಿ. ಅಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯವರು. ಸಿನಗಾಗುಗಳನ್ನು ಒರೆಸಿ, ತೊಳೆದು, ದೀಪದ ಗಾಜು ಉಜ್ಜಿ ಕಾಪಾಡುತ್ತಿರುವುದು ತಲೆಮಾರುಗಳಿಂದ ಮುಸ್ಲಿಮ್ ಕುಟುಂಬಗಳು. 1881ರಲ್ಲಿ ಆರಂಭವಾದ ಅಲ್ಲಿಯ ಯಹೂದಿ ಬಾಲಕಿಯರ ಶಾಲೆಯಲ್ಲೂ ಓದುವವರು ಹೆಚ್ಚಾಗಿ ಮುಸ್ಲಿಮ್ ಹುಡುಗಿಯರೇ. ಯಾರ ಧರ್ಮವೂ ಕೆಟ್ಟಿಲ್ಲ. ಒಂದು ಗೆರೆ ಮಾತ್ರ ದಾಟಬಾರದು: ಕೆಲಸ ಎಲ್ಲರದು, ಪ್ರಾರ್ಥನೆ ಅವರವರದು. ಬಾಯಿಯ ಲೋಟ ಹಿಡಿದು ನಿಲ್ಲುವ ಮಕ್ಕಳನ್ನು ನೆನಪಿಡಿ. ಒಲ್ಲೆ ಎಂದ ಮನೆಯ ಮಗುವನ್ನು ಒತ್ತಾಯಿಸಲೂ ಕೂಡದು.

ಇನ್ನು ಕೆಲವರು ಪಿಸುದನಿಯಲ್ಲಿ ಹೇಳುವ ಆಕ್ಷೇಪವಿದೆ. 2008ರ ನವೆಂಬರಿನಲ್ಲಿ ಕೊಲಾಬಾದ ನರಿಮನ್ ಹೌಸಿನಲ್ಲಿ ಯಹೂದಿಗಳನ್ನು ಕೊಂದರು. 2023ರ ಅಕ್ಟೋಬರಿನಿಂದ ಇಸ್ರೇಲ್, ಗಾಜಾಗಳ ಸುದ್ದಿ ಮನೆಮನೆಯ ಟಿ.ವಿ.ಯಲ್ಲಿ. ಇಂಥ ಕಾಲದಲ್ಲಿ ಇದೆಲ್ಲ ಯಾಕೆ, ಸುಮ್ಮನೆ ಗದ್ದಲ ಎನ್ನುತ್ತಾರೆ. ಗಾಜಾದಲ್ಲಿ ಸತ್ತ ಮಕ್ಕಳಿಗಾಗಿ ನನ್ನ ಹೊಟ್ಟೆಯೂ ಉರಿಯುತ್ತದೆ, ಅದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ. ಆದರೆ ಒಂದು ಸರಕಾರದ ಲೆಕ್ಕವನ್ನು ಮೂರನೆಯ ಮಹಡಿಯ ಮುದುಕಿಯ ಖಾತೆಗೆ ಬರೆಯುವುದು ಯಾವ ನ್ಯಾಯ? ತನ್ನ ಕೈಯಾರೆ ದ್ರಾಕ್ಷಿ ಕಿವುಚಿದ ಹುಡುಗ ನಾಳೆ ಯಹೂದಿ ಎಂಬ ಮಾತು ಕೇಳಿದರೆ ಅವನ ಕಣ್ಣ ಮುಂದೆ ಮೊದಲು ಬರುವುದು ಟ್ಯಾಂಕಲ್ಲ, ಒಬ್ಬ ಟೀಚರು. ಗದ್ದಲದ ಕಾಲಕ್ಕೇ ಇದು ಬೇಕು. ಶಾಂತಿಯ ಕಾಲದಲ್ಲಿ ಕ್ರಿಕೆಟ್ಟೇ ಸಾಕಾಗುತ್ತಿತ್ತೋ ಏನೋ.

ಕಷ್ಟಗಳಿಲ್ಲವೆಂದು ನಾನು ಹೇಳುವುದಿಲ್ಲ. ಬಾಯಿಯ ವಯಸ್ಸಿನವರು ಹೋದ ಮೇಲೆ ಹೇಳಿಕೊಡುವವರು ಯಾರು? ಜನಗಣತಿ, ಚುನಾವಣೆ, ನಮೂನೆ ತುಂಬುವುದು ಇವುಗಳ ನಡುವೆ ಟೀಚರಿಗೆ ಪುರುಸೊತ್ತೆಲ್ಲಿ? ಅದಕ್ಕೇ ಎಲ್ಲ ಹಬ್ಬ ಒಟ್ಟಿಗೆ ಬೇಡ. ಪೆಸಾಹ್ ಪರೀಕ್ಷೆಗೆ ಅಡ್ಡ ಬರುತ್ತದೆ, ಹೊಸ ವರ್ಷದ ಹಲ್ವಕ್ಕೆ ದೊಡ್ಡ ಬಾಣಲೆ ಬೇಕು. ಬಿರ್ಡ್ಯಾಚಾ ಸಣ ಬರುವುದು ಜುಲೈ, ಆಗಸ್ಟಿನಲ್ಲಿ, ಶಾಲೆ ನಡೆಯುತ್ತಿರುವಾಗ, ಒಳ್ಳೆ ಮಳೆಗಾಲದಲ್ಲಿ. ಬೇಕಾದದ್ದು ಎರಡು ಕಿಲೋ ವಾಲ್, ಒಂದು ಪಂಚೆಯ ತುಂಡು. ಸೋಮವಾರ ಸಂಜೆ ನೆನೆಹಾಕಿ, ಮಂಗಳವಾರ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಪ್ರಯೋಗಾಲಯದ ಮೂಲೆಯಲ್ಲಿಡಿ. ಗುರುವಾರದ ಹೊತ್ತಿಗೆ ಮೊಳಕೆ ಬಂದಿರುತ್ತದೆ. ಬಿಸಿನೀರಿಗೆ ಹಾಕಿ ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಜಾರುತ್ತದೆ. ಗಂಡುಹುಡುಗರನ್ನು ಮೊದಲು ಕೂರಿಸಿ. ಸುಲಿಯುವಾಗ ಯಾವ ದೇವಾಲಯ ಸುಟ್ಟಿತು, ಯಾರು ಸುಟ್ಟರು ಎಂದು ಕೇಳಿಯೇ ಕೇಳುತ್ತಾರೆ, ಆಗ ಇತಿಹಾಸದ ಪುಸ್ತಕ ತೆರೆಯಿರಿ. ಒಗ್ಗರಣೆಗೆ ಬಾಯಿಯನ್ನು ಕೇಳಿದರಾಯಿತು, ಅವರು ಇನ್ನೂ ಗಟ್ಟಿಯಾಗಿದ್ದಾರೆ.