ಬಾಡಿಗೆ ಕಾರಿನ ಟ್ಯಾಂಕು: ಮುಳ್ಳು ತೋರಿಸಿದ್ದೇ ಬಿಲ್ಲಾ?

ಪೆಟ್ರೋಲ್ ಬಂಕಿನಲ್ಲಿ ನಮಗೆ ಒಂದು ಹಕ್ಕಿದೆ. ಅಳತೆ ಮೇಲೆ ಅನುಮಾನ ಬಂದ್ರೆ, 5 ಲೀಟರಿನ ಅಳತೆ ಪಾತ್ರೆಗೆ ಹಾಕಿ ತೋರಿಸಿ ಅಂತ ಕೇಳಬಹುದು. ಬಂಕಿನವರು ತೋರಿಸಲೇಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಆ ಯಂತ್ರವನ್ನು ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಿರಬೇಕು. ಬೆಂಗಳೂರಿನ ಬಂಕಿಗೂ ಅದೇ ನಿಯಮ, ಅಜ್ಜಂಪುರದ ಬಂಕಿಗೂ ಅದೇ ನಿಯಮ.

ಅದೇ ಪೆಟ್ರೋಲು ಬಾಡಿಗೆ ಕಾರಿನ ಟ್ಯಾಂಕಿಗೆ ಇಳಿದ ಮೇಲೆ ಲೆಕ್ಕ ಹೇಳೋದು ಡ್ಯಾಶ್‌ಬೋರ್ಡಿನ ಮುಳ್ಳು. ಅದಕ್ಕೆ ಯಾರೂ ಮುದ್ರೆ ಹಾಕಿಲ್ಲ. ಆದ್ರೂ ಕಾರು ವಾಪಸ್ ಕೊಡುವಾಗ ದುಡ್ಡು ಕಟ್ಟೋದು ಅದನ್ನೇ ನೋಡಿ. ಬಾಡಿಗೆ ಕಾರಿನ ವ್ಯವಹಾರದಲ್ಲಿ ನಾವು ಗಂಭೀರವಾಗಿ ತಗೊಳ್ಳದೇ ಬಿಟ್ಟಿರೋ ಪ್ರಶ್ನೆ ಇದು: ಟ್ಯಾಂಕಿನಲ್ಲಿರೋ ಎಣ್ಣೆ ಯಾರದ್ದು, ಅದನ್ನ ಅಳೆಯೋರು ಯಾರು, ದರ ಏರಿದ್ರೆ ಹೊರೆ ಯಾರ ಮೇಲೆ?

ನಮ್ಮ ಕಡೆಯಿಂದಲೇ ಶುರು ಮಾಡೋಣ. ಕಡೂರು ತಾಲೂಕಿನ ಬೀರೂರು ರೈಲ್ವೆ ಜಂಕ್ಷನ್. ಒಂದು ಹಳಿ ಅಜ್ಜಂಪುರದ ಮೇಲೆ ದಾವಣಗೆರೆ, ಹುಬ್ಬಳ್ಳಿ ಕಡೆಗೆ ಹೋಗುತ್ತೆ. ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು ನಿಜ, ಆದ್ರೆ ಮುಳ್ಳಯ್ಯನಗಿರಿಗೋ ಕಲ್ಲತ್ತಿಗಿರಿಗೋ ಕೆಮ್ಮಣ್ಣುಗುಂಡಿಗೋ ಹೋಗೋರಿಗೆ ಕೊನೆಗೆ ಕಾರೇ ಬೇಕು. ಇಲ್ಲಿ ಬಾಡಿಗೆ ಮಾತು ಮೂರು ಥರ ನಡೆಯುತ್ತೆ. ಒಂದು, ಹಳದಿ ಬೋರ್ಡ್ ಕಾರು, ಕಿಲೋಮೀಟರಿಗೆ ಇಷ್ಟು, ಡೀಸೆಲ್ ಸೇರಿ. ಎರಡು, ದಿನಕ್ಕೆ ಇಷ್ಟು, ಡ್ರೈವರ್ ಬಾಟಾ ಬೇರೆ, ಡೀಸೆಲ್ ನಿಮ್ದು. ಮೂರು, ಕಾರು ಮಾತ್ರ ನಮ್ದು, ಓಡಿಸೋದು ನೀವೇ, ಎಷ್ಟು ಪಾಯಿಂಟ್ ಇತ್ತೋ ಅಷ್ಟೇ ಪಾಯಿಂಟ್ ಇಟ್ಟು ವಾಪಸ್ ಕೊಡಿ.

ಮೂರನೆಯದರಲ್ಲೇ ಮುಳ್ಳಿನ ಪಂಚಾಯ್ತಿ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಾಮಾನ್ಯವಾಗಿ ಟ್ಯಾಂಕಿನೊಳಗೆ ತೇಲೋ ಒಂದು ಬೆಂಡು ಇರುತ್ತೆ. ಅದು ಮೇಲೆ ಕೆಳಗೆ ಆದಂತೆ ಒಂದು ವಿದ್ಯುತ್ ಸಂಕೇತ ಬದಲಾಗುತ್ತೆ, ಅದನ್ನ ನೋಡಿ ಗೇಜ್ ಅಂದಾಜು ಹೇಳುತ್ತೆ. ಟ್ಯಾಂಕು ಚೌಕ ಡಬ್ಬಿ ಥರ ಇರಲ್ಲ, ಸೀಟಿನ ಕೆಳಗಿನ ಜಾಗಕ್ಕೆ ತಕ್ಕಂತೆ ಸೊಟ್ಟಪಟ್ಟ ಇರುತ್ತೆ. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಏರಿನಲ್ಲಿ ಕಾರು ನಿಲ್ಲಿಸಿ ನೋಡಿದಾಗ ತೋರಿಸಿದ್ದನ್ನೇ ತರೀಕೆರೆಯ ಸಮತಟ್ಟಿನಲ್ಲೂ ತೋರಿಸಬೇಕು ಅಂತಿಲ್ಲ. 45 ಲೀಟರ್ ಟ್ಯಾಂಕು, 8 ಪಾಯಿಂಟ್ ಅಂದ್ರೆ ಒಂದು ಪಾಯಿಂಟಿಗೆ ಐದೂವರೆ ಲೀಟರಿಗೂ ಹೆಚ್ಚು. ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಂಡ್ರೂ ಒಂದು ಪಾಯಿಂಟಿನ ಜಗಳ 560 ರೂಪಾಯಿಯದ್ದು.

ವಿದೇಶಕ್ಕೆ ಟ್ರಿಪ್ ಹೋಗಿ ಕಾರು ಬಾಡಿಗೆಗೆ ತಗೊಂಡ್ರೆ ಇದೇ ಜಗಳ ಡಾಲರು, ಯೂರೋ ಲೆಕ್ಕದಲ್ಲಿ ಎದುರಾಗುತ್ತೆ. ಅಲ್ಲಿ ಇದಕ್ಕೆ ಫ್ಯೂಯೆಲ್ ಪಾಲಿಸಿ ಅನ್ನೋ ಹೆಸರಿದೆ. ‘ಫುಲ್ ಟು ಫುಲ್’ ಅಂದ್ರೆ ತುಂಬಿದ ಟ್ಯಾಂಕು ಕೊಡ್ತಾರೆ, ತುಂಬಿಸಿ ವಾಪಸ್ ಕೊಡಬೇಕು. ಕಮ್ಮಿ ಇದ್ರೆ ಎಣ್ಣೆ ದುಡ್ಡಿನ ಜೊತೆ ತುಂಬಿಸೋ ಶುಲ್ಕವನ್ನೂ ಹಾಕ್ತಾರೆ. ‘ಸೇಮ್ ಟು ಸೇಮ್’ ನಮ್ಮ ಪಾಯಿಂಟ್ ಲೆಕ್ಕವೇ. ಹುಷಾರಾಗಿರಬೇಕಾದ್ದು ‘ಫುಲ್ ಟು ಎಂಪ್ಟಿ’ ಬಗ್ಗೆ. ಪೂರ್ತಿ ಟ್ಯಾಂಕಿನ ದುಡ್ಡು ಮೊದಲೇ ಕಟ್ಟಿಸಿಕೊಂಡು, ಖಾಲಿ ಮಾಡಿ ತಂದ್ರೂ ಪರವಾಗಿಲ್ಲ ಅಂತಾರೆ. ಕೇಳೋಕೆ ಆರಾಮ. 50 ಲೀಟರಿಗೆ ದುಡ್ಡು ಕೊಟ್ಟು ನೀವು ಓಡಿಸಿದ್ದು 150 ಕಿಲೋಮೀಟರ್, ಮೈಲೇಜ್ 15 ಅಂತಿಟ್ಟುಕೊಳ್ಳಿ. ಖರ್ಚಾಗಿದ್ದು 10 ಲೀಟರ್. ಉಳಿದ 40 ಲೀಟರಿಗೆ ಸಾಮಾನ್ಯವಾಗಿ ರೀಫಂಡ್ ಇಲ್ಲ. ಕಂಪನಿ ಅದನ್ನೇ ಮುಂದಿನ ಗಿರಾಕಿಗೂ ಮಾರಬಹುದು. ಇನ್ನು ನ್ಯೂಜಿಲೆಂಡಿನಲ್ಲಿ ಡೀಸೆಲ್ ಕಾರು ಅಗ್ಗ ಅಂತ ಆರಿಸಿಕೊಂಡೋರಿಗೆ ಕಿಲೋಮೀಟರ್ ಲೆಕ್ಕದ ರಸ್ತೆ ಬಳಕೆ ಶುಲ್ಕ ಪ್ರತ್ಯೇಕವಾಗಿ ಬರಬಹುದು. ಅಲ್ಲಿ ಆ ತೆರಿಗೆ ಬಂಕಿನ ಡೀಸೆಲ್ ದರದಲ್ಲಿ ಸೇರಿರಲ್ಲ.

ಥಾಯ್ಲೆಂಡಿನಲ್ಲಿ ನಾವು ನಾಲ್ಕು ಜನ ಗೆಳೆಯರು ಫುಲ್ ಟ್ಯಾಂಕ್ ಮಾಡಿಸಿಯೇ ಕಾರು ಬಿಟ್ಟು ಬಂದಿದ್ವಿ. ಊರಿಗೆ ಬಂದು ಎರಡು ದಿನಕ್ಕೆ ಡೆಪಾಸಿಟ್‌ನಲ್ಲಿ ಇಂಧನದ ಹೆಸರಲ್ಲಿ ದುಡ್ಡು ಹಿಡಿದಿದ್ದರು. ವಾಪಸ್ ಬರೋ ಹಾಗೆ ಮಾಡಿದ್ದು ಎರಡೇ ಸಾಕ್ಷಿ: ಬಂಕಿನ ರಶೀದಿ, ಗೇಜ್ ಮತ್ತು ಓಡೋಮೀಟರ್ ಎರಡೂ ಕಾಣೋ ಒಂದು ಫೋಟೋ. ರಶೀದಿಯಲ್ಲಿ ಸಮಯ, ಜಾಗ, ಲೀಟರು ಎಲ್ಲಾ ಇತ್ತು. ಮುಳ್ಳಿನ ವಾದಕ್ಕೆ ಲೀಟರಿನ ಲೆಕ್ಕವೇ ಉತ್ತರ.

ಹಾಗಂತ ಗ್ರಾಹಕನೇ ಜಾಣನಾಗಬೇಕು ಅಂತ ಹೇಳಿ ಸುಮ್ಮನಾಗೋಕೆ ಆಗಲ್ಲ. ಯುರೋಪಿನಲ್ಲಿ ಇಂಥ ದೂರುಗಳು ಹೆಚ್ಚಾದಾಗ ಅಲ್ಲಿನ ಗ್ರಾಹಕ ಪ್ರಾಧಿಕಾರಗಳು ಒಟ್ಟಾಗಿ ಮಧ್ಯೆ ಬಂದವು. 2015ರಲ್ಲಿ ಏವಿಸ್, ಎಂಟರ್‌ಪ್ರೈಸ್, ಯುರೋಪ್‌ಕಾರ್, ಹರ್ಟ್ಜ್, ಸಿಕ್ಸ್ಟ್ ತಮ್ಮ ಪದ್ಧತಿ ಬದಲಿಸಲು ಒಪ್ಪಿದವು. ಇಂಧನದ ನಿಯಮವನ್ನು ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಹೇಳೋದು ಅದರಲ್ಲಿ ಒಂದು.

ನಮ್ಮಲ್ಲಿ ಕೇಳಬೇಕಾದ್ದು ಯಾರನ್ನ? ಸೆಲ್ಫ್ ಡ್ರೈವ್ ಬಾಡಿಗೆಗೆ ಕೇಂದ್ರದ 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ. ಪರವಾನಗಿ ಬೇಕಂದ್ರೆ ಕನಿಷ್ಠ 50 ಕಾರು ಇರಬೇಕು ಅಂತ ಅದು ಹೇಳುತ್ತೆ. ತರೀಕೆರೆಯಲ್ಲೋ ಕಡೂರಿನಲ್ಲೋ ಸಾಲ ಮಾಡಿ ಮೂರು ಕಾರು ತಗೊಂಡ ಹುಡುಗ ಈ ಬಾಗಿಲಲ್ಲಿ ಒಳಗೆ ಬರೋದು ಹೇಗೆ? ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ಅಧಿಕೃತ ಬಾಡಿಗೆ ಕಾರು ಅವನಿಗೆ ಸಿಗಲ್ಲ, ಬಿಳಿ ಬೋರ್ಡಿನಲ್ಲೇ ಗುಟ್ಟಾಗಿ ಕೊಡ್ತಾನೆ. ಗುಟ್ಟಿನ ವ್ಯವಹಾರಕ್ಕೆ ಬಿಲ್ ಇಲ್ಲ, ಬಿಲ್ ಇಲ್ಲದ ಮೇಲೆ ಇಂಧನದ ನಿಯಮವೂ ಬಾಯಿಮಾತು. ಅಪಘಾತ ಆದ್ರೆ ವಿಮೆಯೂ ಕೈಕೊಡಬಹುದು. ದೊಡ್ಡ ಕಂಪನಿಗೆ ಅಂತ ಹೊಲಿದ ಅಂಗಿಯನ್ನ ಸಣ್ಣ ಊರಿಗೂ ತೊಡಿಸಿದ ಪರಿಣಾಮ ಇದು.

ಇನ್ನು ಹಳದಿ ಬೋರ್ಡಿನ ಡ್ರೈವರಣ್ಣಂದಿರ ಕಥೆ. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿಗೂ ಹೆಚ್ಚು ಏರಿತು. 2025ರ ಏಪ್ರಿಲ್ 1ರಿಂದ ತೆರಿಗೆ ಶೇ 21.17 ಆಯ್ತು, ಮತ್ತೆ 2 ರೂಪಾಯಿ ಏರಿಕೆ. ಒಟ್ಟು 5 ರೂಪಾಯಿ ಅಂತಲೇ ಹಿಡಿಯೋಣ. ಲೀಟರಿಗೆ 12 ಕಿಲೋಮೀಟರ್ ಓಡೋ ಗಾಡಿಗೆ ಕಿಲೋಮೀಟರಿಗೆ 40 ಪೈಸೆ ಜಾಸ್ತಿ. 250 ಕಿಲೋಮೀಟರಿನ ಟ್ರಿಪ್ಪಿಗೆ 100 ರೂಪಾಯಿ, ತಿಂಗಳಿಗೆ 20 ಟ್ರಿಪ್ ಆದ್ರೆ 2,000. ಹಳೇ ರೇಟಿಗೇ ಒಪ್ಪಿಕೊಂಡ್ರೆ ಇಷ್ಟೂ ಅವರ ಜೇಬಿನಿಂದ. ಎರಡು ರೂಪಾಯಿ ಜಾಸ್ತಿ ಕೇಳಿದ್ರೆ ನಾವೇ ಚೌಕಾಸಿಗೆ ಇಳೀತೀವಿ. ಪೆಟ್ರೋಲು, ಡೀಸೆಲ್ ಜಿಎಸ್‌ಟಿಯಿಂದ ಹೊರಗಿವೆ. ಹಾಗಾಗಿ ಇಲ್ಲಿ ಕಟ್ಟಿದ ತೆರಿಗೆಯನ್ನ ಮುಂದೆ ಕಳೆದುಕೊಳ್ಳೋ ದಾರಿಯೂ ಇಲ್ಲ.

ತಮಾಷೆ ಏನಂದ್ರೆ, ತೆರಿಗೆ ಹಾಕುವಾಗ ಸರ್ಕಾರಕ್ಕೆ ಈ ವ್ಯತ್ಯಾಸ ಚೆನ್ನಾಗೇ ಗೊತ್ತು. ಡ್ರೈವರ್ ಸಮೇತ ಬಾಡಿಗೆ ಕಾರಿಗೆ ಶೇ 5ರ ಜಿಎಸ್‌ಟಿ ಸಿಗೋದು ಇಂಧನದ ವೆಚ್ಚ ಬಾಡಿಗೆಯಲ್ಲೇ ಸೇರಿದ್ದರೆ. ತೆರಿಗೆ ಲೆಕ್ಕಕ್ಕೆ ಬೇಕಾದ ಈ ಮಾಹಿತಿ ಪ್ರಯಾಣಿಕನ ಬಿಲ್ಲಿನಲ್ಲೂ ಯಾಕಿರಬಾರದು?

ಕೇಳಬೇಕಾದ್ದು ದೊಡ್ಡದೇನಲ್ಲ. ಬಾಡಿಗೆ ಚೀಟಿಯಲ್ಲಿ ಇಂಧನ ಒಳಗೋ ಹೊರಗೋ ಅಂತ ಒಂದು ಸಾಲು ಕಡ್ಡಾಯ ಆಗಲಿ. ಸೆಲ್ಫ್ ಡ್ರೈವ್‌ನಲ್ಲಿ ಫುಲ್ ಟ್ಯಾಂಕ್ ಕೊಟ್ಟು ಫುಲ್ ಟ್ಯಾಂಕ್ ತಗೊಳ್ಳೋ ಪದ್ಧತಿ ಬರಲಿ, ವ್ಯತ್ಯಾಸವಾದ್ರೆ ಬಂಕಿನ ರಶೀದಿಯೇ ಅಂತಿಮ ಆಗಲಿ. ಸರ್ಕಾರ ಡೀಸೆಲ್ ತೆರಿಗೆ ಬದಲಿಸಿದ ದಿನವೇ ಟ್ಯಾಕ್ಸಿ ದರದ ಮೇಲೆ ಆಗೋ ಪರಿಣಾಮವನ್ನೂ ಪ್ರಕಟಿಸಲಿ, ಆಗ ಡ್ರೈವರಿಗೂ ಗಿರಾಕಿಗೂ ಚೌಕಾಸಿಗೆ ಒಂದು ಆಧಾರ ಇರುತ್ತೆ. 50 ಕಾರಿನ ಮಿತಿಯನ್ನ ಐದಕ್ಕೋ ಹತ್ತಕ್ಕೋ ಇಳಿಸಲಿ. ಬೈಕ್ ಬಾಡಿಗೆಯ 1997ರ ಯೋಜನೆಯಲ್ಲಿ ಐದು ಬೈಕ್ ಇದ್ರೆ ಸಾಕು ಅಂತ ಕೇಂದ್ರವೇ ಒಪ್ಪಿದೆ, ಕಾರಿಗೆ ಯಾಕಾಗಲ್ಲ?

ಅಲ್ಲಿವರೆಗೆ ಬೀರೂರಿನಲ್ಲಿ ಇಳಿದ್ರೂ ಸರಿ, ಬ್ಯಾಂಕಾಕಿನಲ್ಲಿ ಇಳಿದ್ರೂ ಸರಿ, ಕೀ ಕೈಗೆ ತಗೊಳ್ಳೋ ಮುಂಚೆ ಎಣ್ಣೆ ಲೆಕ್ಕ ಹೇಗೆ ಅಂತ ಕೇಳಿ. ಉತ್ತರವನ್ನ ಮೆಸೇಜಿನಲ್ಲಿ ಬರೆಸಿಕೊಳ್ಳಿ.