ಗೆದ್ದವರ ಕುಂಚ

ಶ್ರೀರಂಗಪಟ್ಟಣವು ಆಂಗ್ಲರ ವಶವಾದುದನ್ನು ತೋರಿಸುವ ಹಳೆಯ ಅಚ್ಚಿನ ಚಿತ್ರಗಳಿಗೆ ಹರಾಜುಕಟ್ಟೆಗಳಲ್ಲಿ ಇಂದಿಗೂ ಬೆಲೆಯುಂಟು. ಕೊಂಡವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕುತ್ತಾರೆ. ಚರಿತ್ರೆಯ ಪುಸ್ತಕಗಳೂ ಅವನ್ನೇ ಎತ್ತಿಕೊಳ್ಳುತ್ತವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಚಿತ್ರವನ್ನೇ ಸಾಕ್ಷ್ಯವೆಂದೆಣಿಸುವವರು ಇರುವುದರಿಂದ ಎರಡು ಮಾತು ಹೇಳುವುದು ಅವಶ್ಯವೆಂದು ನಮಗೆ ತೋರುತ್ತದೆ.

ಇವುಗಳಲ್ಲಿ ಹೆಸರಾದುದು ರಾಬರ್ಟ್ ಕೆರ್ ಪೋರ್ಟರನದು. ಕೋಟೆ ಬಿದ್ದುದು 1799ನೆಯ ಮೇ 4ರಂದು. ಮರುವರ್ಷವೇ ಈ ತರುಣನು ನೂರು ಅಡಿಗೂ ಮೀರಿದ ಪಟವೊಂದನ್ನು ಕೆಲವೇ ವಾರಗಳಲ್ಲಿ ಬರೆದು ಲಂಡನ್ನಿನ ಲೈಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟನು. ಜನರು ಹಣ ತೆತ್ತು ನೋಡಿದರು. ಇಟಲಿಯ ವೆಂಡ್ರಾಮಿನಿಯು ಅದನ್ನು ಭಾಗಭಾಗವಾಗಿ ತಗಡುಗಳ ಮೇಲೆ ಕೊರೆದು ಅಚ್ಚಿಗಿಳಿಸಿದನು. ಮೂಲಪಟವು ಹಾಳಾಯಿತು, ಪ್ರತಿಗಳು ಉಳಿದವು. ಪೋರ್ಟರನಾದರೋ ಆ ಕೋಟೆಯನ್ನು ಕಣ್ಣಾರೆ ಕಂಡವನಲ್ಲ.

ಚಿತ್ರದ ನಡುವೆ ಕತ್ತಿಯೆತ್ತಿ ನಿಂತವನು ಬೇರ್ಡ್ ಸೇನಾನಿ. ಹೊಗೆ, ಧ್ವಜ, ಒಡೆದ ಗೋಡೆ, ಏರುವ ಸಿಪಾಯಿಗಳು, ಎಲ್ಲವೂ ಉಂಟು. ಗೋಡೆ ಏರಿದಮೇಲೆ ನಡೆದುದು ಮಾತ್ರ ಇಲ್ಲ. ಆ ರಾತ್ರಿ ಪಟ್ಟಣವೆಲ್ಲ ಲೂಟಿಯಾಯಿತು. ಮರುದಿನ ಅಧಿಕಾರ ವಹಿಸಿದ ಆರ್ಥರ್ ವೆಲ್ಲೆಸ್ಲಿಯು ತನ್ನವರನ್ನೇ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹಾಕಿಸಿ ಶಾಂತಿಯನ್ನು ಸ್ಥಾಪಿಸಬೇಕಾಯಿತು. ಸೈನ್ಯವು ಕೊಳ್ಳೆಯೆಂದು ಲೆಕ್ಕ ಹಾಕಿಕೊಂಡ ಸೊತ್ತು 11 ಲಕ್ಷ ಪೌಂಡುಗಳಿಗೂ ಮೀರಿತ್ತು. ಮನೆ ಕಳೆದುಕೊಂಡ ಗೃಹಸ್ಥನಿಗೆ ಪೋರ್ಟರನ ಪಟದಲ್ಲಿ ಸ್ಥಳವಿಲ್ಲ.

ಇದು ಆಂಗ್ಲರದೊಂದೇ ದೋಷವೆಂದು ಭಾವಿಸುವುದು ನ್ಯಾಯವಲ್ಲ. ಅದೇ ಊರಿನ ದರಿಯಾ ದೌಲತ್ತಿನ ಗೋಡೆಯನ್ನು ವಾಚಕರು ನೋಡಿರಬಹುದು. 1780ರಲ್ಲಿ ಕಂಚಿಯ ಬಳಿ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕಂಪೆನಿಯ ದಂಡನ್ನು ಪುಡಿಗೈದ ಕಾಳಗವು ಅಲ್ಲಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಸಿಡಿಯುವ ಮದ್ದಿನ ಬಂಡಿ, ಉರುಳಿದ ರುಂಡಗಳು ಅಲ್ಲಿ ಕಾಣುತ್ತವೆ. ಆ ಕಾಳಗದಲ್ಲಿ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಕೊಳೆತವರಲ್ಲಿ ಇದೇ ಬೇರ್ಡನೂ ಒಬ್ಬನು. ಅಲ್ಲಿಯೂ ಕುಂಚವನ್ನು ಹಿಡಿಸಿದವನು ಗೆದ್ದವನೇ. ಸೋತವನ ಸಂಕಟವು ಅಲ್ಲಿ ಅಲಂಕಾರವಾಗಿದೆ.

ಎರಡು ಚಿತ್ರಗಳಲ್ಲಿ ಯಾವುದನ್ನೂ ಅಳಿಸಬೇಕಾಗಿಲ್ಲ, ಯಾವುದನ್ನೂ ಪೂಜಿಸಬೇಕಾಗಿಲ್ಲ. ಅವನ್ನು ಜೊತೆಗಿಟ್ಟು ನೋಡುವುದೇ ವಿವೇಕ. ವಸ್ತುಸಂಗ್ರಹಾಲಯದವರೂ ಪಠ್ಯಪುಸ್ತಕ ರಚಿಸುವವರೂ ಇಂಥ ಚಿತ್ರವನ್ನು ಜನರ ಮುಂದಿಡುವಾಗ, ಬರೆದವನಾರು, ಬರೆಯಿಸಿದವರಾರು, ಬಿಟ್ಟುದೇನು ಎಂಬ ಮೂರು ಸಾಲುಗಳನ್ನು ಕೆಳಗೆ ಸೇರಿಸತಕ್ಕದ್ದು. ಖರ್ಚು ಅಲ್ಪ, ಉಪಕಾರ ಬಹಳ. ಸ್ವತಂತ್ರ ಜನಾಂಗವು ತನ್ನ ಸೋಲನ್ನು ಪರರ ಕಣ್ಣಿನಿಂದಲೂ, ತನ್ನ ಗೆಲುವನ್ನು ಬರಿಯ ಹೆಮ್ಮೆಯ ಕಣ್ಣಿನಿಂದಲೂ ನೋಡುವುದು ತರವಲ್ಲವೆಂದು ನಮ್ಮ ಅಭಿಪ್ರಾಯ.