ಟ್ರಂಕಿನಲ್ಲಿ ಸಿಕ್ಕ ಖಾಕಿ ಕೋಟು ಯಾವ ಸೈನ್ಯದ್ದು?

ಕಲಬುರಗಿಯ ಹಳೇ ಮನೆಯೊಂದನ್ನು ಕೆಡವುವಾಗಲೋ ಕಮಲಾಪುರದ ಮನೆಯೊಂದರ ಸಾಮಾನಿನ ಕೋಣೆ ಸ್ವಚ್ಛ ಮಾಡುವಾಗಲೋ ತಗಡಿನ ಟ್ರಂಕಿನಲ್ಲಿ ಖಾಕಿ ಕೋಟೊಂದು ಸಿಕ್ಕಿತು ಎಂದಿಟ್ಟುಕೊಳ್ಳಿ. ‘ಮುತ್ಯಾ ಎರಡನೇ ಮಹಾಯುದ್ಧಕ್ಕೆ ಹೋಗಿದ್ದ’ ಎನ್ನುತ್ತಾರೆ ಮನೆಯವರು. ‘ನಿಜಾಮನ ಫೌಜಿನದು’ ಎನ್ನುತ್ತಾರೆ ನೆಂಟರು. ಪಕ್ಕದವರು ದನಿ ತಗ್ಗಿಸಿ ‘ರಜಾಕಾರರದ್ದು ಇರಬೇಕು’ ಎನ್ನುತ್ತಾರೆ. ರಜಾಕಾರರ ಹಾವಳಿಯ ನೆನಪು ಇನ್ನೂ ಉಳಿದಿರುವ ಈ ಭಾಗದಲ್ಲಿ ಇದು ಹಗುರ ಮಾತಲ್ಲ. ಒಂದು ಬಟ್ಟೆಯಿಂದ ಒಂದು ಮನೆತನಕ್ಕೇ ಕಳಂಕ ಅಂಟಬಹುದು, ಇಲ್ಲವೇ ಇಲ್ಲದ ಶೌರ್ಯ ಅಂಟಬಹುದು.

ಬಣ್ಣ ನೋಡಿ ತೀರ್ಮಾನಿಸುವುದೇ ಮೊದಲ ತಪ್ಪು. ಬ್ರಿಟಿಷ್ ಭಾರತದ ಸೈನ್ಯ, ಹೈದರಾಬಾದ್ ಸಂಸ್ಥಾನದ ಸೈನ್ಯ, ಪೊಲೀಸರು, ಮುಂದೆ ಎನ್‌ಸಿಸಿ, ಗೃಹರಕ್ಷಕ ದಳ ಎಲ್ಲರೂ ತೊಟ್ಟಿದ್ದು ಖಾಕಿಯೇ.

‘ಹೈದರಾಬಾದ್’ ಎಂಬ ಬಿಲ್ಲೆ ಸಿಕ್ಕರೂ ಅದು ನಿಜಾಮರದ್ದೆಂದು ಹೇಳಲಾಗದು. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ 1903ರಲ್ಲಿ ಭಾರತೀಯ ಸೈನ್ಯದಲ್ಲಿ ವಿಲೀನವಾಯಿತು. ಅದರ ಕಾಲಾಳು ಪಡೆಗಳೇ 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಆದವು. 1945ರಲ್ಲಿ ಅದಕ್ಕೆ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ಬಂತು. ಅಷ್ಟರಲ್ಲಿ ಅದರ ಸಿಪಾಯಿಗಳಲ್ಲಿ ಹೆಚ್ಚಿನವರು ಉತ್ತರ ಭಾರತದವರು. ನಿಜಾಮರ ಸ್ವಂತ ಸೈನ್ಯ ಬೇರೆಯೇ ಇತ್ತು. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯದ ಮೇಲೆ ಬಿದ್ದಾಗ ಈ ಎರಡೂ ‘ಹೈದರಾಬಾದ್’ಗಳ ತುಕಡಿಗಳು ಅಲ್ಲಿದ್ದವು! ಆಗ ಅವರ ಮೈಮೇಲಿದ್ದುದು ಖಾಕಿ. ಕಾಡಿನ ಹಸಿರು ಸಮವಸ್ತ್ರ ಬಳಕೆಗೆ ಬಂದದ್ದು ಆಮೇಲೆ, ಬರ್ಮಾ ಯುದ್ಧದ ಹೊತ್ತಿಗೆ. ಹಾಗಾಗಿ ‘ಸಿಂಗಾಪುರದಲ್ಲಿ ಸೆರೆಸಿಕ್ಕಾಗ ತೊಟ್ಟಿದ್ದು’ ಎಂದು ಯಾರಾದರೂ ಹಸಿರು ಅಂಗಿ ತೋರಿಸಿದರೆ ಅನುಮಾನಿಸಲೇಬೇಕು.

ನಾವು ಹೆಚ್ಚು ನಂಬುವುದು ಗುಂಡಿಗಳನ್ನು, ಕಾಲರಿನ ಒಳಭಾಗವನ್ನು. ಅಧಿಕಾರಿಯ ಭುಜಪಟ್ಟಿಯಲ್ಲಿ ಅಶೋಕ ಸಿಂಹ ಇದ್ದರೆ ಅದು 1950ರ ನಂತರದ್ದು. ಕಿರೀಟವಿದ್ದರೆ ಹಿಂದಿನದು, ಆದರೆ ಬ್ರಿಟಿಷರ ಕಾಲದ್ದೇ ಆಗಬೇಕೆಂದಿಲ್ಲ. 1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ಕಾರ್ಯಾಚರಣೆಗೆ ಹೊರಟ ಸ್ವತಂತ್ರ ಭಾರತದ ಮೇಜರನ ಭುಜದ ಮೇಲೂ ಇನ್ನೂ ಕಿರೀಟವೇ ಇತ್ತು. ಗುಂಡಿಯ ಮೇಲೆ ಉರ್ದು ಅಕ್ಷರಗಳಿದ್ದರೆ ಸಂಸ್ಥಾನದ ಕಡೆಗೆ ಬೆರಳು ತೋರಿಸುತ್ತದೆ, ಆದರೆ ಸೈನ್ಯವೋ ಪೊಲೀಸೋ ಎಂದು ಅಷ್ಟರಿಂದಲೇ ತಿಳಿಯದು. ಒಳಭಾಗದಲ್ಲಿ ಬಾಣದ ಗುರುತು, ಜೊತೆಗೆ ಇಂಗ್ಲಿಷಿನ ‘ಐ’ ಅಕ್ಷರದ ಮುದ್ರೆ ಇದ್ದರೆ ಅದು ಬ್ರಿಟಿಷ್ ಭಾರತದ ಸೈನ್ಯಕ್ಕೆ ಸರಬರಾಜಾದ ಮಾಲು. ಗುಂಡಿ ಬದಲಾಗಬಹುದು, ಬಟ್ಟೆಯ ಮೇಲಿನ ಮುದ್ರೆ ಸುಲಭಕ್ಕೆ ಬದಲಾಗದು.

ನೂಲಿನ ಪರೀಕ್ಷೆಯೂ ಇದೆ. ಪಾಲಿಯೆಸ್ಟರ್ ನೂಲಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದೇ 1941ರಲ್ಲಿ. ಬಟ್ಟೆಯಾಗಿ ಮಾರುಕಟ್ಟೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಒಳಹೊಲಿಗೆಯ ಅಂಚಿನಿಂದ ಬಟ್ಟೆಯದೇ ಒಂದು ಎಳೆ ತೆಗೆದು ಕೋಟಿನಿಂದ ದೂರದಲ್ಲಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಉಣ್ಣೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗುಂಡಿ ಹೊಲಿದ ದಾರ ಬೇಡ. ಅದನ್ನು ದರ್ಜಿ ಮೊನ್ನೆ ಮೊನ್ನೆ ಹಾಕಿರಬಹುದು. ನೇರಳಾತೀತ ಬೆಳಕಿನಲ್ಲಿ ಹೊಳೆದರೆ ನಕಲಿ ಎಂಬ ಮಾತೂ ಸಂಗ್ರಹಕಾರರಲ್ಲಿದೆ. ಇದನ್ನು ಪೂರ್ತಿ ನಂಬಬೇಡಿ. ಇಂದಿನ ಡಿಟರ್ಜೆಂಟ್ ಪುಡಿಗಳಲ್ಲಿ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳಿರುತ್ತವೆ. ಒಮ್ಮೆ ಒಗೆದರೆ ಅಸಲಿ ಬಟ್ಟೆಯೂ ಹೊಳೆಯುತ್ತದೆ.

ಆದ್ದರಿಂದ ಒಗೆಯಬೇಡಿ, ಹಿತ್ತಾಳೆ ಗುಂಡಿಗಳನ್ನು ತಿಕ್ಕಬೇಡಿ. ಮೊದಲು ಜೇಬು ತಡವಿ, ಕಾಲರಿನ ಒಳಗೆ ಮಸಿಯಲ್ಲಿ ಬರೆದ ಸಂಖ್ಯೆ ಇದೆಯೇ ನೋಡಿ, ಫೋಟೊ ತೆಗೆದಿಡಿ. ಜೊತೆಗೆ ಪದಕವಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಭಾರತೀಯ ಸಿಪಾಯಿಗಳಿಗೆ ಕೊಟ್ಟ ಪದಕಗಳ ಮೇಲೆ ಸಾಮಾನ್ಯವಾಗಿ ಸಂಖ್ಯೆ, ಹೆಸರು, ಪಡೆ ಕೊರೆದಿರುತ್ತವೆ. ಪಡೆಯ ಹೆಸರು, ಸಂಖ್ಯೆ ಸಿಕ್ಕರೆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬಹುದು; ದಾರಿ ತಿಳಿಯದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಎರಡು ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಬದುಕಿ ಊರಿಗೆ ಮರಳಿದವರು ಅಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೋಟು ಹೇಳುವುದು ಅದನ್ನು ಯಾರು ಹೊಲಿಸಿದರು, ಸುಮಾರು ಯಾವಾಗ ಎಂಬುದನ್ನು. ಯುದ್ಧ ಮುಗಿದ ಮೇಲೆ ಇಂಥ ಬಟ್ಟೆಗಳು ಹಳೇ ಬಟ್ಟೆ ಸಂತೆಗಳಿಗೂ ಬರುತ್ತಿದ್ದವು. ಮುತ್ಯಾ ಅದನ್ನು ಚಳಿಗೆಂದು ಕೊಂಡು ತಂದಿದ್ದರೂ ತಂದಿರಬಹುದು.